ಗದ್ದಕ್ಕೆ ಇಳಿದ ಮಾಸ್ಕ್: ಸಾಂಕ್ರಾಮಿಕದ ದಿನಗಳಲ್ಲಿ ಹದಿಹರೆಯದವರು ಯಾವ ಮಾತಿಗೆ ಕಿವಿಗೊಡುತ್ತಾರೆ?

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋದರೆ ಮೆಣಸಿನಕಾಯಿ ಚೀಲ ಸುರಿಯುವವರು, ತೊಟ್ಟು ಬಿಡಿಸುವವರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸಕ್ಕೆ ಕೂತಿರುವುದು ಕಾಣುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ರಾಶಿ ಕೆದರಿದಾಗ ಏಳುವ ಧೂಳು, ಘಾಟು ಯಾರನ್ನೂ ಬಿಡುವುದಿಲ್ಲ. ಬಟ್ಟೆ ಸಡಿಲಾದರೆ ಸಾಕು, ಸೀನು, ಕೆಮ್ಮು, ಕಣ್ಣಲ್ಲಿ ನೀರು. ಅಲ್ಲಿ ಬಟ್ಟೆ ಕಟ್ಟಿಸಲು ಫಲಕವೂ ಬೇಕಿಲ್ಲ, ದಂಡವೂ ಬೇಕಿಲ್ಲ.

ಅದೇ ಜಿಲ್ಲೆಯ ಹದಿನೈದರ ಹುಡುಗನಿಗೆ ಕೊರೊನಾ ಕಾಲದ 2020 ಮತ್ತು 2021ರಲ್ಲಿ ದಿನಕ್ಕೆ ಹತ್ತು ಸಲ ಹೇಳಿದರೂ ಮಾಸ್ಕ್ ಗದ್ದಕ್ಕೆ ಇಳಿದಿರುತ್ತಿತ್ತು. ಹುಡುಗ ಕೆಟ್ಟವನಲ್ಲ, ದಡ್ಡನೂ ಅಲ್ಲ. ಘಾಟಿಗೂ ವೈರಾಣುವಿಗೂ ಇರುವ ವ್ಯತ್ಯಾಸ ಕಾಲದ್ದು. ಘಾಟು ತಪ್ಪನ್ನು ಅದೇ ಕ್ಷಣದಲ್ಲಿ ತೋರಿಸುತ್ತದೆ. ಕೊರೊನಾ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 2ರಿಂದ 14 ದಿನ ಬೇಕಾಗುತ್ತಿತ್ತು, ಹೆಚ್ಚಿನವರಲ್ಲಿ ಸುಮಾರು 5 ದಿನ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಸೋಮವಾರ ಟ್ಯೂಷನ್‌ನಲ್ಲಿ ಮಾಸ್ಕ್ ತೆಗೆದ ಹುಡುಗನಿಗೆ ಶನಿವಾರ ಜ್ವರ ಬಂದರೆ ಆ ಎರಡನ್ನೂ ಜೋಡಿಸಿ ನೋಡುವುದು ಅವನಿಗೆ ಸಾಧ್ಯವಿಲ್ಲ. ಇನ್ನೂ ಕಷ್ಟದ ಮಾತೆಂದರೆ, ಹತ್ತು ಸಲ ತೆಗೆದರೂ ಒಂಬತ್ತು ಸಲ ಏನೂ ಆಗುವುದಿಲ್ಲ. ‘ಏನಾಗ್ತೈತಿ ಬಿಡಲೇ’ ಎಂಬುದು ಉಡಾಫೆಯ ಮಾತಿನಂತೆ ಕೇಳಿಸಬಹುದು. ಅದು ಅನುಭವ ಅವನಿಗೆ ದಿನಾ ಕಲಿಸುತ್ತಿರುವ ಪಾಠ.

ಹಾಗಾಗಿ ಹದಿಹರೆಯದವರ ಎಚ್ಚರಿಕೆಯ ಬಗ್ಗೆ ಯೋಚಿಸುವಾಗ ಮೊದಲು ಬಿಡಬೇಕಾದದ್ದು ‘ಅವರಿಗೆ ತಿಳಿವಳಿಕೆ ಇಲ್ಲ’ ಎಂಬ ಎಣಿಕೆಯನ್ನು. ತಿಳಿವಳಿಕೆ ಬೇಕು, ಆದರೆ ಅದೊಂದೇ ಕೈಯನ್ನು ನಳದ ಹತ್ತಿರ ಒಯ್ಯುವುದಿಲ್ಲ. 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದ ನಂತರ ಸೋಂಕು ಕಾಣಿಸಿಕೊಂಡು, ಪತ್ತೆಯಾದವರ ಸಂಖ್ಯೆ ಕೆಲವೇ ದಿನಗಳಲ್ಲಿ 250 ದಾಟಿತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದವರಾಗಿದ್ದರಿಂದ ಕಾಯಿಲೆ ಹಗುರವಾಗಿಯೇ ಹೋಯಿತು. ವೈರಾಣು ಹೇಗೆ ಹರಡುತ್ತದೆ ಎಂಬುದನ್ನು ಪುಸ್ತಕ ಇಟ್ಟು ಓದುವವರ ನಡುವೆಯೇ ಹೀಗಾಯಿತು. ಬಹುದಿನಗಳ ಮೇಲೆ ಒಂದೆಡೆ ಸೇರಿದ ಸಂತೋಷದ ಮುಂದೆ ಓದಿದ್ದು ಹಿಂದೆ ಸರಿಯಿತು.

ಅಪಾಯದ ಲೆಕ್ಕ ಅವರಿಗೂ ಬರುತ್ತದೆ

‘ಈ ವಯಸ್ಸಿನವರಿಗೆ ತಮಗೆ ಸಾವೇ ಇಲ್ಲ ಅನ್ನಿಸಿರುತ್ತದೆ’ ಎಂದು ಹಿರಿಯರು ಹೇಳುವುದುಂಟು. ಮನೋವಿಜ್ಞಾನದ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ವ್ಯಾಲೆರಿ ರೇನಾ ಮತ್ತು ಫ್ರ್ಯಾಂಕ್ ಫಾರ್ಲಿ 2006ರಲ್ಲಿ ಈ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಷ್ಟೋ ಅಪಾಯಗಳನ್ನು ಹದಿಹರೆಯದವರು ಇರುವುದಕ್ಕಿಂತ ಹೆಚ್ಚೆಂದೇ ಎಣಿಸುತ್ತಾರೆ ಎಂಬುದು ಕಂಡಿತು. ಅಪಾಯ ಗೊತ್ತಿದ್ದೂ ಅವರು ಅದನ್ನು ತಕ್ಕಡಿಗೆ ಹಾಕುತ್ತಾರೆ. ಒಂದು ತಟ್ಟೆಯಲ್ಲಿ ಜ್ವರ ಬರುವ ಸಂಭವ, ಇನ್ನೊಂದರಲ್ಲಿ ಗೆಳೆಯರ ಜೊತೆ ಕಳೆಯುವ ಸಂಜೆ. ದೊಡ್ಡವರು ಹಲವು ವಿಷಯಗಳನ್ನು ತೂಗುವುದೇ ಇಲ್ಲ. ‘ಬೆಂಕಿಗೆ ಕೈ ಹಾಕಬಾರದು’ ಎಂಬಷ್ಟು ಸರಳವಾಗಿ ಸಾರವನ್ನು ಹಿಡಿದುಕೊಂಡಿರುತ್ತಾರೆ. ತೂಗುವ ಅಭ್ಯಾಸವಿರುವ ಹುಡುಗನಿಗೆ ‘ನೀನು ಸಾಯುತ್ತೀ’ ಎಂದು ಹೆದರಿಸಿದರೆ ಅವನು ಮೊಬೈಲ್‌ನಲ್ಲಿ ಹುಡುಕಿ, ತನ್ನ ವಯಸ್ಸಿನವರಿಗೆ ಕೊರೊನಾ ತೀವ್ರವಾಗುವುದು ತೀರ ಅಪರೂಪ ಎಂದು ಕಂಡುಕೊಳ್ಳುತ್ತಾನೆ. ಅದು ಸತ್ಯವೇ. ಹೆದರಿಸಿದವರ ಮೇಲಿನ ನಂಬಿಕೆ ಅಲ್ಲಿಗೆ ಹೋಯಿತು, ಮುಂದೆ ಅವರು ಹೇಳುವ ನಿಜವೂ ಅದರ ಜೊತೆಗೇ ಹೋಯಿತು.

ಭಯದ ಬಗ್ಗೆ ಇನ್ನೊಂದು ಮಾತು. ಹೆದರಿಸುವ ಸಂದೇಶ ಕೆಲಸ ಮಾಡಬೇಕಾದರೆ ಅದರ ಪಕ್ಕದಲ್ಲೇ ‘ಇದನ್ನು ಮಾಡಿದರೆ ತಪ್ಪುತ್ತದೆ, ಇದು ನಿನ್ನ ಕೈಲಾಗುತ್ತದೆ’ ಎಂಬ ಎರಡು ಭರವಸೆಗಳಿರಬೇಕು. ಅವಿಲ್ಲದಿದ್ದರೆ ಮನಸ್ಸು ಅಪಾಯವನ್ನು ಬಿಟ್ಟು ಭಯವನ್ನೇ ದೂರ ಮಾಡುವ ದಾರಿ ಹುಡುಕುತ್ತದೆ: ನಕ್ಕುಬಿಡುವುದು, ‘ಇದೆಲ್ಲ ಸುಳ್ಳು’ ಅನ್ನುವುದು, ಸುದ್ದಿಯನ್ನೇ ನೋಡದಿರುವುದು. 2020ರ ಮಾರ್ಚ್‌ನಲ್ಲಿ ಯಾರಿಗೆ ಫೋನ್ ಮಾಡಿದರೂ ಕೆಮ್ಮಿನ ಸದ್ದಿನೊಂದಿಗೆ ಶುರುವಾಗುತ್ತಿದ್ದ ಕಾಲರ್ ಟ್ಯೂನ್ ನೆನಪಿರಬಹುದು. ಮೊದಲ ವಾರ ಬೆಚ್ಚಿಬಿದ್ದವರೇ ತಿಂಗಳೊಪ್ಪತ್ತಿನಲ್ಲಿ ಅದನ್ನು ತಪ್ಪಿಸುವ ಗುಂಡಿ ಯಾವುದೆಂದು ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು.

ಹಾಗಾದರೆ ಆ ತಕ್ಕಡಿಯಲ್ಲಿ ಯಾವುದು ನಿಜವಾಗಿ ತೂಗುತ್ತದೆ? 2020ರಲ್ಲಿ ಅಮೆರಿಕದ 683 ಹದಿಹರೆಯದವರನ್ನು ‘ನೀವು ಅಂತರ ಕಾಪಾಡುವುದು ಏಕೆ’ ಎಂದು ಕೇಳಿದ ಅಧ್ಯಯನವೊಂದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರಗಳು ಎರಡು: ಅದು ಸಮಾಜಕ್ಕೆ ತಮ್ಮ ಜವಾಬ್ದಾರಿ, ಮತ್ತು ತಮ್ಮಿಂದ ಬೇರೆಯವರು ಕಾಯಿಲೆ ಬೀಳಬಾರದು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಈ ಕಾರಣಗಳನ್ನು ಕೊಟ್ಟರು. ಸ್ವಂತ ಜೀವದ ಭಯಕ್ಕಿಂತ ಬೇರೆಯವರ ಜೀವದ ಕಾಳಜಿ ಅವರಿಗೆ ದೊಡ್ಡದು. ನಮ್ಮ ಕಡೆಯ ಮನೆಗಳಲ್ಲಿ ಈ ಕಾರಣಕ್ಕೆ ಇನ್ನೂ ಹೆಚ್ಚಿನ ಬಲವಿದೆ. ಗದಗ-ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗ, ಅಡುಗೆ, ಮೊಮ್ಮಗನ ಓದು, ಅಜ್ಜಿಯ ಹಾಸಿಗೆ ಎಲ್ಲವೂ ಎರಡು ಕೋಣೆಗಳ ಒಳಗೆ. ಹುಡುಗನ ಉಸಿರು ಅಜ್ಜಿಯನ್ನು ತಲುಪುವುದು ಕಣ್ಣಿಗೆ ಕಾಣುವಷ್ಟು ಹತ್ತಿರದ ಮಾತು.

ಆದರೆ ಈ ಕಾಳಜಿಯನ್ನು ಬಳಸುವಲ್ಲಿ ಒಂದು ಗೆರೆ ಇದೆ, ಅದನ್ನು ದಾಟಬಾರದು. ‘ಅಜ್ಜಿಗೆ ಸಕ್ಕರೆ ಕಾಯಿಲೆ ಐತಿ, ಅಕೀನ್ನ ಕಾಯೋ ಕೆಲಸ ನಿಂದು’ ಎಂದರೆ ಅದು ಹುಡುಗನಿಗೆ ಕೊಟ್ಟ ಸ್ಥಾನ. ‘ಅಜ್ಜಿಗೆ ಏನರ ಆದ್ರ ನೀನೇ ಕಾರಣ’ ಎಂದರೆ ಅದು ಹೊರಿಸಿದ ಪಾಪ. ಪಾಪದ ಭಾರ ಹೊತ್ತವನು ಕೆಮ್ಮು ಬಂದಾಗ ಹೇಳುವುದಿಲ್ಲ, ಮುಚ್ಚಿಡುತ್ತಾನೆ.

‘ಯಾಕಲೇ, ಅಂಜೀಯೇನ?’

ಎಲ್ಲ ಕಾರಣಗಳಲ್ಲಿ ಬಲವಾದದ್ದು ಗೆಳೆಯರ ಕಣ್ಣು. ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟವಿತ್ತು. ಸಿಗ್ನಲ್ ಹಳದಿಯಾದಾಗ ನಿಲ್ಲಿಸಬೇಕೋ ಮುಂದೆ ನುಗ್ಗಬೇಕೋ ಎಂಬುದು ಆಡುವವರ ತೀರ್ಮಾನ. 13ರಿಂದ 16 ವರ್ಷದವರು ಗೆಳೆಯರು ಪಕ್ಕದಲ್ಲಿದ್ದಾಗ ಗಣನೀಯವಾಗಿ ಹೆಚ್ಚು ನುಗ್ಗಿದರು. 24 ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮುಂದೆ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆಳೆಯರು ನೋಡುತ್ತಿದ್ದಾರೆಂದು ತಿಳಿದರೆ ಸಾಕು, ಈ ವಯಸ್ಸಿನವರಲ್ಲಿ ಸುಖ-ಬಹುಮಾನಕ್ಕೆ ಮಿಡಿಯುವ ಭಾಗ ಹೆಚ್ಚು ಚುರುಕಾಗುವುದು ಕಂಡಿತು. ಆ ಭಾಗ ಹರೆಯಕ್ಕೆ ಕಾಲಿಡುತ್ತಿದ್ದಂತೆ ಜೋರಾಗುತ್ತದೆ. ತಡೆದು ಯೋಚಿಸುವ ಮುಂಭಾಗದ ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸು ಬರಬೇಕು.

ಇದನ್ನು ಹಳೆ ಬಸ್ ಸ್ಟ್ಯಾಂಡಿಗೆ ತಂದು ನೋಡಿ. ಒಬ್ಬಳೇ ನಿಂತಿದ್ದಾಗ ಮಾಸ್ಕ್ ಸರಿಯಾಗಿಯೇ ಇದ್ದ ಹುಡುಗಿ, ನಾಲ್ಕು ಗೆಳತಿಯರು ಬಂದೊಡನೆ ಅದನ್ನು ಕೆಳಗೆ ಎಳೆಯುತ್ತಾಳೆ. ಮಾತು ಕೇಳಿಸಬೇಕು, ನಗು ಕಾಣಬೇಕು. ಹುಡುಗರ ಗುಂಪಿನಲ್ಲಿ ‘ಯಾಕಲೇ, ಅಂಜೀಯೇನ?’ ಎಂಬ ಒಂದೇ ಮಾತು ಸಾಕು. ಹಲವು ದೇಶಗಳ ಅಧ್ಯಯನಗಳಲ್ಲಿ ಹುಡುಗಿಯರು ಹುಡುಗರಿಗಿಂತ ಹೆಚ್ಚು ಎಚ್ಚರ ವಹಿಸಿದ್ದು ಕಂಡುಬಂದಿದೆ. ಎಚ್ಚರ ಎಂದರೆ ಅಂಜಿಕೆ ಎಂಬ ಈ ಅರ್ಥ ಅದಕ್ಕೊಂದು ಕಾರಣ. ಗುಂಪು ಸೇರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಎಸಿಯದ್ದು, ಕಿಟಕಿ ಮುಚ್ಚಿಯೇ ಓಡುತ್ತದೆ. ಗೆಳೆಯರ ಗುಂಪು ಮಾಸ್ಕ್ ಇಳಿಸಿ ಹರಟುವುದಕ್ಕೆ ಅದಕ್ಕಿಂತ ಅಪಾಯದ ಜಾಗ ಕಡಿಮೆ. ಕಿಟಕಿ ತೆರೆದ ಹಳ್ಳಿ ಬಸ್ಸಿಗೂ ಅದಕ್ಕೂ ಒಂದೇ ನಿಯಮ ಹೇಳುವ ಬದಲು, ಎಲ್ಲಿ ಗಾಳಿಯಾಡುವುದಿಲ್ಲವೋ ಅಲ್ಲಿ ಬಿಗಿ ಎಂದು ಹೇಳಿದರೆ ಮಕ್ಕಳಿಗೆ ಅದು ತರ್ಕವಾಗಿ ಕಾಣುತ್ತದೆ, ನೆನಪಿನಲ್ಲೂ ನಿಲ್ಲುತ್ತದೆ.

ಗೆಳೆಯರ ಪ್ರಭಾವ ಕೆಟ್ಟದ್ದಕ್ಕೆ ಮಾತ್ರವಲ್ಲ. ತರಗತಿಯಲ್ಲಿ ‘ಬೇರೆ ಯಾರೂ ಹಾಕುವುದಿಲ್ಲ’ ಎಂಬ ಭಾವನೆ ಎಷ್ಟೋ ಸಲ ಸುಳ್ಳು. ಹಾಕದವರು ಎದ್ದು ಕಾಣುತ್ತಾರೆ, ಹಾಕಿದವರು ಸುಮ್ಮನಿರುತ್ತಾರೆ. ಇದನ್ನು ಬಯಲಿಗೆ ತರಲು ಒಂದು ಪಿರಿಯಡ್ ಸಾಕು. ಹೆಸರು ಬರೆಯದ ಚೀಟಿ ಕೊಟ್ಟು ಎರಡು ಪ್ರಶ್ನೆ ಕೇಳಬೇಕು: ನಿನ್ನೆ ಬಸ್ಸಿನಲ್ಲೋ ಟ್ಯೂಷನ್‌ನಲ್ಲೋ ನೀನು ಮಾಸ್ಕ್ ಹಾಕಿದ್ದೆಯಾ? ನಮ್ಮ ಕ್ಲಾಸಿನಲ್ಲಿ ಎಷ್ಟು ಮಂದಿ ಹಾಕುತ್ತಾರೆ ಅನ್ನಿಸುತ್ತದೆ? ಚೀಟಿಗಳನ್ನು ಮಕ್ಕಳೇ ಎಣಿಸಿ ಹಲಗೆಯ ಮೇಲೆ ಎರಡೂ ಸಂಖ್ಯೆ ಬರೆಯಲಿ. ‘ಇಪ್ಪತ್ತು ಇರಬಹುದು ಅಂದುಕೊಂಡಿದ್ವಿ, ನಲವತ್ತು ಅದಾವು’ ಎಂಬ ಅಂತರ ಕಂಡರೆ ಅದೇ ಪಾಠ. ಇಲ್ಲಿ ತಪ್ಪುವುದು ಒಂದು ಕಡೆ. ಹಾಕುವವರ ನಿಜವಾದ ಸಂಖ್ಯೆಯೇ ಅರ್ಧಕ್ಕಿಂತ ಕಡಿಮೆ ಬಂದರೆ ಅದನ್ನು ಹಲಗೆಗೆ ಏರಿಸಬಾರದು. ಏರಿಸಿದರೆ ಹಾಕುತ್ತಿದ್ದವರೂ ‘ಮಂದಿ ಹಂಗ ಇದ್ದಾರ’ ಎಂದು ಬಿಡುತ್ತಾರೆ. ಆಗ ಎರಡು ವಾರ ಬಿಟ್ಟು ಮತ್ತೆ ಎಣಿಸಿ, ಏರಿಕೆ ಇದ್ದರೆ ಏರಿಕೆಯನ್ನು ಮಾತ್ರ ಹೇಳುವುದು ಒಳ್ಳೆಯದು: ಮೊದಲು ಹದಿನೈದು ಇದ್ದದ್ದು ಈಗ ಇಪ್ಪತ್ತೆರಡು.

ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾದಾಗಿನಿಂದ 10ರಿಂದ 19 ವರ್ಷದವರ ನಡುವಿನಿಂದಲೇ ಗೆಳೆಯ-ಶಿಕ್ಷಕರನ್ನು ಆರಿಸುವ ಪದ್ಧತಿ ಇದೆ, ನಮ್ಮ ರಾಜ್ಯದಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳೂ ಇವೆ. ಆರಿಸುವಾಗ ಆಗುವ ತಪ್ಪು ಒಂದೇ: ಮೊದಲ ಬೆಂಚಿನ, ಅಂಕ ಚೆನ್ನಾಗಿ ಬರುವ, ಸರ್ ಹೇಳಿದ್ದಕ್ಕೆ ತಲೆಯಾಡಿಸುವ ಮಗುವನ್ನೇ ಆರಿಸುವುದು. ಆ ಮಗುವಿನ ಮಾತನ್ನು ಹಿಂದಿನ ಬೆಂಚು ಕೇಳುವುದಿಲ್ಲ. ಕಬಡ್ಡಿ ತಂಡದ ನಾಯಕ, ಎಲ್ಲರ ಕೈಯಲ್ಲಿ ಮೆಹಂದಿ ಹಚ್ಚುವ ಹುಡುಗಿ, ಇಡೀ ಕ್ಲಾಸನ್ನು ನಗಿಸುವವನು, ಇಂಥವರು ಬೇಕು. ‘ಏನಾದರೂ ಗೊತ್ತಾಗದಿದ್ದರೆ ನೀವು ಯಾರನ್ನು ಕೇಳುತ್ತೀರಿ?’ ಎಂದು ಚೀಟಿಯಲ್ಲಿ ಮೂರು ಹೆಸರು ಬರೆಸಿದರೆ ಅವರು ಯಾರೆಂದು ತಾನಾಗಿ ತಿಳಿಯುತ್ತದೆ.

ಹಿರಿಯರ ಮಾಸ್ಕ್ ಎಲ್ಲಿದೆ?

ಶಾಲೆ ತೆರೆದ ದಿನಗಳಲ್ಲಿ ಎಲ್ಲ ಕಡೆ ಕಂಡ ನೋಟವೊಂದಿದೆ. ಮೇಷ್ಟ್ರು ಮಾಸ್ಕ್ ಹಾಕಿಕೊಂಡೇ ಕ್ಲಾಸಿಗೆ ಬರುತ್ತಾರೆ. ಹಿಂದಿನವರಿಗೆ ಕೇಳಿಸಲಿ ಎಂದು ಪಾಠ ಶುರು ಮಾಡುವಾಗ ಕೆಳಗೆ ಎಳೆಯುತ್ತಾರೆ. ಗಟ್ಟಿಯಾಗಿ ಮಾತಾಡುವಾಗಲೇ ಹನಿಗಳು ಹೆಚ್ಚು ಹೊರಬರುವುದು, ಹಾಗಾಗಿ ಮಾಸ್ಕ್ ಹೆಚ್ಚು ಬೇಕಾದ್ದು ಆಗಲೇ. ಮಕ್ಕಳು ಫಲಕದ ಮಾತು ಬಿಟ್ಟು ಮೇಷ್ಟ್ರ ಕೈಯನ್ನು ನೋಡುತ್ತಾರೆ, ಹತ್ತು ನಿಮಿಷದಲ್ಲಿ ಅರ್ಧ ಕ್ಲಾಸಿನ ಮಾಸ್ಕ್ ಇಳಿದಿರುತ್ತದೆ. ಮನೆಯಲ್ಲೂ ಅಷ್ಟೆ. ಅಪ್ಪ ಸಂತೆಯಿಂದ ಬಂದು ಕೈ ತೊಳೆಯದೆ ಚಹಾಕ್ಕೆ ಕೂತರೆ, ಮಗಳಿಗೆ ಹೇಳುವ ಅಧಿಕಾರ ಅಲ್ಲಿಗೆ ಮುಗಿಯಿತು.

ಹದಿಹರೆಯದವರಿಗೆ ಅನ್ಯಾಯ ಬೇಗ ಕಾಣುತ್ತದೆ. ಶಾಲೆ ಮುಚ್ಚಿ, ಮದುವೆ ಮಂಟಪ ತುಂಬಿದ್ದನ್ನು ಅವರು ನೋಡಿದ್ದಾರೆ. ಆ ವಿರೋಧವನ್ನು ಮುಚ್ಚಿಟ್ಟು ‘ಹೇಳಿದ್ದು ಕೇಳು’ ಅಂದರೆ ನಿಯಮ ಮುರಿಯುವುದೇ ಅವರಿಗೆ ಸ್ವಾಭಿಮಾನದ ಕೆಲಸವಾಗುತ್ತದೆ. ‘ಹೌದು, ಅದು ತಪ್ಪು; ಅವರು ತಪ್ಪು ಮಾಡ್ಯಾರಂತ ನಮ್ಮ ಮನ್ಯಾಗ ಆಗಬಾರದು’ ಎಂದು ಒಪ್ಪಿ ಮಾತಾಡಿದರೆ ಕೇಳುತ್ತಾರೆ.

ಮಾತಿನ ರೀತಿಯ ವ್ಯತ್ಯಾಸವನ್ನು ಹತ್ತಿರದಿಂದ ನೋಡೋಣ. ‘ಮಾಸ್ಕ್ ಹಾಕ್ಕೋ ಅಂತ ಎಷ್ಟ ಸಲಾ ಹೇಳಬೇಕೋ ನಿನಗ’ ಎಂಬುದಕ್ಕೆ ಉತ್ತರ ಒಂದೇ, ‘ಹೂಂ ಬೇ’. ಮೂಲೆ ದಾಟಿದ ಮೇಲೆ ಮಾಸ್ಕ್ ಜೇಬಿಗೆ. ಅದೇ ಅವ್ವ ‘ಟ್ಯೂಷನ್ನಿಗೆ ಹೊಂಟಿ. ಅಲ್ಲೆ ಕಿಟಕಿ ತಗದಿರ್ತಾವೇನು? ಮುಚ್ಚಿದ್ರ ಏನ್ ಮಾಡ್ತಿ? ದೋಸ್ತರು ನಕ್ರ ಏನಂತಿ?’ ಎಂದು ಕೇಳಿದರೆ ಹುಡುಗ ಯೋಚಿಸಿ ತಾನೇ ಹೇಳಬೇಕಾಗುತ್ತದೆ: ‘ಬಾಗಲ ಹತ್ರ ಕುಂದರ್ತೀನಿ. ನಕ್ರ, ಮನ್ಯಾಗ ಅಜ್ಜಿ ಅದಾಳ ಅಂತೀನಿ.’ ಹೀಗೆ ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂದು ಮೊದಲೇ ಬಾಯಿಬಿಟ್ಟು ಹೇಳಿಕೊಂಡ ನಿರ್ಧಾರ, ಸುಮ್ಮನೆ ‘ಎಚ್ಚರ ಇರ್ತೀನಿ’ ಎಂಬ ಮಾತಿಗಿಂತ ಹೆಚ್ಚು ನಡೆಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡ ವಿಷಯ. ಗೆಳೆಯರ ನಗುವಿಗೆ ಉತ್ತರ ಸಿದ್ಧವಿರುವುದು ಇದರಲ್ಲಿ ಮುಖ್ಯ ಭಾಗ. ‘ನನಗ ಅಂಜಿಕಿ ಇಲ್ಲ, ಅಜ್ಜಿ ಸಲುವಾಗಿ’ ಎನ್ನುವವನ ಮರ್ಯಾದೆ ಕಡಿಮೆಯಾಗುವುದಿಲ್ಲ.

ದಂಡದ ವಿಷಯ ಬೇಗ ಮುಗಿಸಬಹುದು. ಕರ್ನಾಟಕದಲ್ಲಿ 2020ರಲ್ಲಿ ಮಾಸ್ಕ್ ಇಲ್ಲದಿದ್ದರೆ ನಗರದಲ್ಲಿ 1000 ರೂಪಾಯಿ, ಹಳ್ಳಿಯಲ್ಲಿ 500 ಎಂದು ಆಗಿ, ಅದು ಹೆಚ್ಚಾಯಿತೆಂದು ಅಕ್ಟೋಬರ್‌ನಲ್ಲಿ 250 ಮತ್ತು 100ಕ್ಕೆ ಇಳಿಯಿತು. ದಂಡ ಕಲಿಸುವುದು ಪೊಲೀಸರು ನಿಲ್ಲುವ ಜಾಗವನ್ನು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್‌ನಲ್ಲಿ ಮೇಲೇರಿದ ಮಾಸ್ಕ್ ಮುಂದಿನ ತಿರುವಿನಲ್ಲಿ ಇಳಿಯುತ್ತದೆ. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಮಾಸ್ಕ್ ಬಳಕೆ 13ರಿಂದ 42 ಪ್ರತಿಶತಕ್ಕೆ ಏರಿದ್ದು ದಂಡವಿಲ್ಲದೆ. ಮನೆಗೆ ಉಚಿತ ಮಾಸ್ಕ್, ಊರ ಹಿರಿಯರು ತಾವೇ ಹಾಕಿ ತೋರಿಸುವುದು, ದಾರಿಯಲ್ಲಿ ಹಾಕದವರನ್ನು ಕಂಡರೆ ಎದುರೆದುರೇ ನಯವಾಗಿ ನೆನಪಿಸುವುದು, ಇವು ಸೇರಿ ಕೆಲಸ ಮಾಡಿದವು. ಮೊಬೈಲಿಗೆ ಸಂದೇಶ ಕಳಿಸಿದ್ದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ.

ನಳದ ಲೆಕ್ಕ

ಇಷ್ಟೆಲ್ಲ ಮನಸ್ಸಿನ ಮಾತಾಯಿತು. ಮನಸ್ಸಿದ್ದೂ ಮಾಡಲಾಗದ ಸ್ಥಿತಿ ಇದ್ದರೆ ಬೋಧನೆ ವ್ಯರ್ಥ. ಅತಿ ಹೆಚ್ಚು ಕಡೆಗಣಿಸಿದ ಕಾರಣವೂ ಇದೇ.

ಕೈಯನ್ನು ಸಾಬೂನು ಹಚ್ಚಿ 20 ಸೆಕೆಂಡ್ ಉಜ್ಜಬೇಕು. ಒದ್ದೆ ಮಾಡುವುದು, ತೊಳೆಯುವುದು ಸೇರಿ ಒಬ್ಬರಿಗೆ ಸುಮಾರು 40 ಸೆಕೆಂಡ್. ಬಿಸಿಯೂಟಕ್ಕೆ 240 ಮಕ್ಕಳು ಇರುವ ಪ್ರೌಢಶಾಲೆಯಲ್ಲಿ ಊಟಕ್ಕೆ ಮೊದಲು 15 ನಿಮಿಷ ಸಿಕ್ಕರೆ ಒಂದು ನಳದಲ್ಲಿ 22 ಮಕ್ಕಳು ತೊಳೆಯಬಹುದು. ಅಂದರೆ 11 ನಳ ಬೇಕು. ಮೂರೋ ನಾಲ್ಕೋ ನಳ ಇರುವಲ್ಲಿ ಮಕ್ಕಳು ಮಾಡುವುದು ಲೆಕ್ಕಕ್ಕೆ ಸರಿಯಾಗಿಯೇ ಇರುತ್ತದೆ: ಮೂರು ಸೆಕೆಂಡ್ ಕೈ ಒಡ್ಡಿ ಓಡುತ್ತಾರೆ. ಇದನ್ನು ಅಶಿಸ್ತು ಎನ್ನಲಾಗದು.

ನಳ ಹೆಚ್ಚಿಸದೆಯೂ ದಾರಿ ಇದೆ. ಉಜ್ಜುವುದನ್ನು ನಳದಿಂದ ಆಚೆ ತರಬೇಕು. ಸಾಲಿನ ಮುಂಭಾಗದಲ್ಲಿ ಒಬ್ಬರು ತಂಬಿಗೆಯಿಂದ ಕೈ ಒದ್ದೆ ಮಾಡಿ ಸಾಬೂನು ನೀರು ಹಾಕುವುದು, ಮಕ್ಕಳು ಸಾಲಿನಲ್ಲಿ ಸರಿಯುತ್ತಲೇ ಬೆರಳ ಸಂದು, ಹೆಬ್ಬೆರಳು, ಉಗುರ ತುದಿ ಉಜ್ಜುವುದು, ನಳದಲ್ಲಿ ತೊಳೆಯುವುದಷ್ಟೇ. ಆಗ ನಳಕ್ಕೆ ಒಬ್ಬರಿಗೆ 15 ಸೆಕೆಂಡ್ ಸಾಕು, ಒಂದು ನಳದಲ್ಲಿ 15 ನಿಮಿಷಕ್ಕೆ 60 ಮಕ್ಕಳು, 240 ಮಕ್ಕಳಿಗೆ ನಾಲ್ಕೇ ನಳ. ಸಾಬೂನಿನ ಬಿಲ್ಲೆ ಇಟ್ಟರೆ ಅದು ಮಣ್ಣಾಗುತ್ತದೆ, ಕಾಣೆಯಾಗುತ್ತದೆ. ಒಂದೂವರೆ ಲೀಟರ್ ನೀರಿನ ಬಾಟಲಿಗೆ 30 ಗ್ರಾಂ ಬಟ್ಟೆ ತೊಳೆಯುವ ಪುಡಿ ಕಲಸಿ, ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿದರೆ ಸಾಬೂನು ನೀರು ಸಿದ್ಧ, ಖರ್ಚೂ ಕಡಿಮೆ. ಕೈ ಬಿರಿದವರಿಗೆ ಇದು ಉರಿಯುತ್ತದೆ, ಅವರಿಗೆ ಮೈ ಸಾಬೂನು ಬೇರೆ ಇಡಬೇಕು.

ನೀರಿನ ಮಾತು ಇನ್ನೂ ಕಠಿಣ. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಗದಗ-ಬೆಟಗೇರಿಯ ನೀರಿನ ಬವಣೆ ಹೇಳಬೇಕಾಗಿಲ್ಲ. ನಿಮಿಷಕ್ಕೆ ಆರು ಲೀಟರ್ ಸುರಿಯುವ ನಳವನ್ನು 40 ಸೆಕೆಂಡ್ ಬಿಟ್ಟರೆ ಒಬ್ಬರಿಗೆ ನಾಲ್ಕು ಲೀಟರ್, 240 ಮಕ್ಕಳಿಗೆ 960 ಲೀಟರ್, ಸಾವಿರ ಲೀಟರಿನ ಟ್ಯಾಂಕು ಒಂದೇ ಊಟಕ್ಕೆ ಖಾಲಿ. ಮೇಲೆ ಹೇಳಿದ ರೀತಿಯಲ್ಲಿ ತೊಳೆದರೆ ನಳದಿಂದ ಹೋಗುವುದು 360 ಲೀಟರ್. ನೀರು ತುಂಬಿಡುವುದು ಅವ್ವಂದಿರ, ಹೆಣ್ಣುಮಕ್ಕಳ ಪಾಲಿಗೆ ಬಿದ್ದ ಕೆಲಸವಾದ ಮನೆಯಲ್ಲಿ ಹುಡುಗಿಗೆ ಒಂದೊಂದು ಕೊಡದ ಬೆಲೆ ಗೊತ್ತು. ‘ನಳ ಬಿಟ್ಟು ಚೆನ್ನಾಗಿ ತೊಳೆ’ ಎಂಬ ಜಾಹೀರಾತು ಅವಳಿಗೆ ಯಾವುದೋ ಬೇರೆ ಊರಿನ ಮಾತಾಗಿ ಕೇಳುತ್ತದೆ. ಅವಳಿಗೆ ಹೇಳಬೇಕಾದದ್ದು: ಅರ್ಧ ಲೀಟರಿನ ತಂಬಿಗೆ ಸಾಕು, ಉಜ್ಜುವಾಗ ನೀರು ಬೇಡ. ನೀರೇ ಇಲ್ಲದ ಕಡೆ ಕನಿಷ್ಠ 60 ಪ್ರತಿಶತ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ನಡೆಯುತ್ತದೆ, ಆದರೆ ಕೈಗೆ ಮಣ್ಣು, ಎಣ್ಣೆ ಮೆತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡದು.

ಮಾಸ್ಕ್‌ದೂ ಇದೇ ಕತೆ. 12 ದಾಟಿದವರು ದೊಡ್ಡವರಂತೆಯೇ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಹೇಳಿದವು. ಬಟ್ಟೆಯದಾದರೆ ಮೂರು ಪದರ. ಆದರೆ ಹುಡುಗನಿಗೆ ಸಿಕ್ಕದ್ದು ಒಂದೇ ಮಾಸ್ಕ್. ರಾತ್ರಿ ಒಗೆದದ್ದು ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಣಗುವುದಿಲ್ಲ, ಮರುದಿನ ಇಲ್ಲ. ಒಬ್ಬರಿಗೆ ಕನಿಷ್ಠ ಮೂರು ಬೇಕು: ಒಂದು ಮುಖದ ಮೇಲೆ, ಒಂದು ಚೀಲದಲ್ಲಿ, ಒಂದು ಹಗ್ಗದ ಮೇಲೆ. ಕನ್ನಡಕದವರಿಗೆ ಮೂಗಿನ ಮೇಲೆ ಬಗ್ಗಿಸುವ ತಂತಿ ಇರಲೇಬೇಕು, ಇಲ್ಲದಿದ್ದರೆ ಹಲಗೆ ಕಾಣದೆ ಕೆಳಗೆ ಎಳೆಯುತ್ತಾರೆ. ಕಿವಿಯ ದಾರ ಬಿಗಿಯಾದರೆ ಎರಡನೇ ಪಿರಿಯಡ್‌ಗೆ ಕಿವಿ ಹಿಂದೆ ನೋವು. ಊಟದ ಹೊತ್ತಿಗೆ ತೆಗೆದದ್ದನ್ನು ಬೆಂಚಿನ ಮೇಲೋ ಪ್ಯಾಂಟಿನ ಜೇಬಿಗೋ ಹಾಕಿದರೆ ಮತ್ತೆ ಹಾಕಲು ಮನಸ್ಸೇ ಬರುವುದಿಲ್ಲ. ಹೆಸರು ಬರೆದ ಕಾಗದದ ಪೊಟ್ಟಣ ಸಾಕು. ಸಣ್ಣ ವಿಷಯಗಳು ನಿಜ, ಆದರೆ ಮಾಸ್ಕ್ ಇಳಿಯುವುದು ಇಂಥ ಸಣ್ಣ ಕಾರಣಗಳಿಂದಲೇ.

ಸೂಜಿ ಮತ್ತು ಸಾಲು

15ರಿಂದ 18 ವರ್ಷದವರಿಗೆ ಲಸಿಕೆ ಶುರುವಾದದ್ದು 2022ರ ಜನವರಿ 3ರಂದು, ಕೊವ್ಯಾಕ್ಸಿನ್, 28 ದಿನಗಳ ಅಂತರದಲ್ಲಿ ಎರಡು ಡೋಸ್. 12ರಿಂದ 14ರವರಿಗೆ ಮಾರ್ಚ್ 16ರಿಂದ ಕೊರ್ಬೆವ್ಯಾಕ್ಸ್. ಲಸಿಕೆ ಶಾಲೆ-ಕಾಲೇಜಿಗೇ ಬಂದಿತು, ಗೆಳೆಯರೆಲ್ಲ ಒಟ್ಟಿಗೆ ಹಾಕಿಸಿಕೊಂಡರು. ಇಲ್ಲಿ ಗೆಳೆಯರ ಕಣ್ಣು ಒಳ್ಳೆಯದಕ್ಕೆ ಕೆಲಸ ಮಾಡಿತು. ಈ ನೆಲಕ್ಕೆ ಇದು ಹೊಸದೂ ಅಲ್ಲ. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ, ವಿಜ್ಞಾನಿ ಹಾಫ್ಕಿನ್ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಊರಿನ ಹತ್ತಾರು ಸಾವಿರ ಮಂದಿ ಹಾಕಿಸಿಕೊಂಡರು.

ಆದರೆ ಸಾಲು ಸೋಂಕಿನಂತೆ ಭಯವನ್ನೂ ಹರಡಬಲ್ಲದು. ಈ ವಯಸ್ಸಿನಲ್ಲಿ ಸೂಜಿ ಕಂಡು ತಲೆ ಸುತ್ತಿ ಬೀಳುವುದು ಉಳಿದ ವಯಸ್ಸಿಗಿಂತ ಹೆಚ್ಚು. ಬಿದ್ದವಳನ್ನು ಸಾಲಿನವರು ನೋಡಿದರೆ ಇನ್ನೂ ಮೂವರು ಬೀಳುತ್ತಾರೆ, ಸಂಜೆಯೊಳಗೆ ‘ಲಸಿಕೆಯಿಂದ ನಾಲ್ವರು ಅಸ್ವಸ್ಥ’ ಎಂದು ವಾಟ್ಸ್‌ಆ್ಯಪ್ ತುಂಬುತ್ತದೆ. ಬೀಳಿಸಿದ್ದು ಲಸಿಕೆಯ ಔಷಧವಲ್ಲ, ಆತಂಕ ಮತ್ತು ಖಾಲಿ ಹೊಟ್ಟೆ. ಹಾಗಾಗಿ ಊಟ ಅಥವಾ ಉಪ್ಪಿಟ್ಟು ಮೊದಲು, ಸೂಜಿ ಆಮೇಲೆ. ಸಾಲಿನವರಿಗೆ ಸೂಜಿ ಕಾಣದಂತೆ ಪರದೆ. ನಿಲ್ಲಿಸದೆ ಕೂರಿಸಿ ಚುಚ್ಚುವುದು. ಆಮೇಲೆ 30 ನಿಮಿಷ ಕೂರಿಸುವ ಕೋಣೆಗೆ ಹೋಗುವ ದಾರಿ ಬೇರೆ ಇರಬೇಕು, ಬಂದವರ ಎದುರಿಗೇ ಹಾಯಬಾರದು. ಲಸಿಕೆಯಿಂದ ಮುಟ್ಟು ಏರುಪೇರಾಗುತ್ತದೆ, ಮಕ್ಕಳಾಗುವುದಿಲ್ಲ ಎಂಬ ಗುಸುಗುಸು ಹುಡುಗಿಯರಲ್ಲಿ ಇತ್ತು. ಅದಕ್ಕೆ ಮೈಕಿನಲ್ಲಿ ಉತ್ತರ ಕೊಟ್ಟರೆ ನಡೆಯದು. ಹುಡುಗಿಯರನ್ನಷ್ಟೇ ಕೂರಿಸಿ ನರ್ಸ್ ಅಥವಾ ಆಶಾ ಅಕ್ಕ ಹೇಳಬೇಕು: ಕೆಲವರಿಗೆ ಒಂದು ತಿಂಗಳು ಸ್ವಲ್ಪ ಹೆಚ್ಚು-ಕಡಿಮೆ ಆಗಬಹುದು, ಮತ್ತೆ ಸರಿಹೋಗುತ್ತದೆ, ಮಕ್ಕಳಾಗುವುದಕ್ಕೆ ತೊಂದರೆ ಇಲ್ಲ. ಮೊದಲ ಅರ್ಧವನ್ನು ಮುಚ್ಚಿಟ್ಟರೆ ಎರಡನೇ ಅರ್ಧವನ್ನು ಯಾರೂ ನಂಬುವುದಿಲ್ಲ.

ಕೆಮ್ಮು ಬಂದಾಗ ಹೇಳುವುದು

ಎಲ್ಲಕ್ಕಿಂತ ಕಷ್ಟದ ಮುನ್ನೆಚ್ಚರಿಕೆ ಇದು, ಮತ್ತು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಜ್ವರ ಬಂದ ದಿನವೇ ಹುಡುಗಿ ಹೇಳಿದರೆ ಹಾಸ್ಟೆಲ್ ಕೋಣೆಯ ಉಳಿದ ಮೂವರು ಸೋಂಕಿನಿಂದ ಪಾರಾದಾರು. ಹೇಳದಿರುವುದಕ್ಕೆ ಅವಳಿಗೆ ಗಟ್ಟಿ ಕಾರಣಗಳಿವೆ. 2020ರಲ್ಲಿ ಒಬ್ಬರಿಗೆ ಸೋಂಕು ಬಂದರೆ ಮನೆಗೆ ಪಟ್ಟಿ ಅಂಟಿಸಿ, ಬೀದಿಗೆ ತಗಡು ಬಡಿದು ಸೀಲ್‌ಡೌನ್ ಮಾಡಿದ್ದನ್ನು ಮಕ್ಕಳು ಕಂಡಿದ್ದಾರೆ. ‘ಅವರ ಮನ್ಯಾಗ ಬಂದೈತಂತ’ ಎಂದು ಓಣಿ ಪಿಸುಗುಟ್ಟಿದ್ದನ್ನು ಕೇಳಿದ್ದಾರೆ. ಪರೀಕ್ಷೆ ಹತ್ತಿರವಿದ್ದರೆ ಭಯ ಇಮ್ಮಡಿ. 2020ರ ಜೂನ್ 25ರಿಂದ ಎಸ್ಎಸ್ಎಲ್‌ಸಿ ಪರೀಕ್ಷೆ ನಡೆದಾಗ ರಾಜ್ಯದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಲಕ್ಷಣವಿದ್ದವರಿಗೆ ಬೇರೆ ಕೋಣೆ, ಸೋಂಕಿನ ಕಾರಣಕ್ಕೆ ಪರೀಕ್ಷೆ ಬರೆಯಲಾಗದವರಿಗೆ ಮುಂದಿನ ಪರೀಕ್ಷೆಯನ್ನೂ ಮೊದಲ ಪ್ರಯತ್ನವೆಂದೇ ಎಣಿಸುವ ವ್ಯವಸ್ಥೆ ಇತ್ತು. ಪ್ರಾಮಾಣಿಕವಾಗಿ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಳ್ಳುವ ಇಂಥ ನಿಯಮಗಳು ಎಷ್ಟೋ ಭಿತ್ತಿಪತ್ರಗಳಿಗಿಂತ ಮೇಲು. ಆದರೆ ಅವನ್ನು ಪರೀಕ್ಷೆಯ ಹಿಂದಿನ ದಿನ ಹೇಳಿದರೆ ಪ್ರಯೋಜನವಿಲ್ಲ. ಕಾಯಿಲೆ ಬರುವ ಮೊದಲೇ ಮಗುವಿಗೆ ಗೊತ್ತಿರಬೇಕು.

ಧಾರವಾಡದ ಪಿಯುಸಿ ಹಾಸ್ಟೆಲ್ಲುಗಳಲ್ಲಿ ಇದಕ್ಕೆ ಬೇಕಾದದ್ದು ಹೆಚ್ಚಲ್ಲ. ಕಿಟಕಿ ಇರುವ ಒಂದು ಖಾಲಿ ಕೋಣೆ, ಅದಕ್ಕೆ ಸ್ವಂತ ಬಕೆಟ್, ಥರ್ಮಾಮೀಟರ್, ಮೊಬೈಲ್ ಚಾರ್ಜರ್, ನೋಟ್ಸ್ ತಂದುಕೊಡುವ ಒಬ್ಬ ಗೆಳೆಯ, ದಿನಕ್ಕೆ ಎರಡು ಸಲ ಮನೆಗೆ ಫೋನ್. ವಾರ್ಡನ್ ಮೊದಲ ದಿನವೇ ಹೇಳಬೇಕಾದ ಮಾತು: ‘ಜ್ವರ, ಗಂಟಲು ನೋವು ಬಂದ್ರ ಅವತ್ತೇ ನನಗ ಹೇಳ್ರಿ. ಬಯ್ಯೂದಿಲ್ಲ, ಎಲ್ಲಿಂದ ಹಚ್ಚಿಕೊಂಡ್ರಿ ಅಂತ ಕೇಳೂದಿಲ್ಲ, ಹಾಜರಿ ಹೋಗೂದಿಲ್ಲ.’ ಮೂರನೆಯ ಮಾತು ನಿಜವಾಗಬೇಕಾದರೆ ಪ್ರಾಂಶುಪಾಲರ ಸಹಿ ಬೇಕು. ಅದನ್ನು ಮೊದಲೇ ಪಡೆದಿರಬೇಕು. ಆಮೇಲೆ ಯಾರೋ ಒಬ್ಬ ಹುಡುಗ ಬಂದು ಹೇಳುತ್ತಾನೆ. ಆ ರಾತ್ರಿ ಅವನ ಬಾಗಿಲಿಗೆ ಬಿಸಿ ಅನ್ನ ಬಂತೋ ಇಲ್ಲವೋ, ತಂದವರು ಹೆಸರು ಹಿಡಿದು ಕರೆದರೋ ದೂರದಿಂದಲೇ ತಟ್ಟೆ ಸರಿಸಿ ಹೋದರೋ ಎಂಬುದನ್ನು ಪಡಸಾಲೆಯ ಉಳಿದ ನಲವತ್ತು ಹುಡುಗರು ನೋಡುತ್ತಿರುತ್ತಾರೆ. ಅವರಲ್ಲಿ ಇಬ್ಬರಿಗೆ ಆಗಲೇ ಗಂಟಲು ಕೆರೆಯುತ್ತಿರುತ್ತದೆ.